ಹೇಗೂ ಖಾಲಿ ಇದೆಯಲ್ಲ

ಅಮೆರಿಕದ ಫೀನಿಕ್ಸ್‌ನಲ್ಲಿ ನಮ್ಮ ಹಿತ್ತಲಿನ ಈಜುಕೊಳ ಮೂರು ವಾರದಿಂದ ಖಾಲಿ ಬಿದ್ದಿದೆ. ಒಳಗಿನ ಪ್ಲಾಸ್ಟರ್ ಒರಟಾಗಿ, ಮಕ್ಕಳ ಅಂಗಾಲು ತರಚುತ್ತಿತ್ತು. 2019ರಲ್ಲಿ ವಿಚಾರಿಸಿದಾಗ 6 ಸಾವಿರ ಡಾಲರ್ ಅಂದಿದ್ದರು. ಮುಂದಿನ ವರ್ಷ ನೋಡೋಣ ಅಂತ ಸುಮ್ನೆ ಬಿಟ್ಟೆ. ಈಗ ಅದೇ ಕೆಲಸಕ್ಕೆ 12 ಸಾವಿರ. ಅದೂ ಹಳೇದನ್ನು ಕಿತ್ತು ನೋಡೋತನಕ ಮಾತ್ರ.

ಕಿತ್ತರು. ಅಂಚಿನ ಟೈಲ್ಸ್ ಸಡಿಲವಾಗಿತ್ತು. ಹೇಗೂ ಖಾಲಿ ಇದೆಯಲ್ಲ, ದೀಪಾನೂ ಬದಲಿಸಿಬಿಡಿ ಅಂದರು. ಹೇಗೂ ಖಾಲಿ ಇದೆಯಲ್ಲ, ಪಂಪೂ ಹಳೇದು. 2021ರ ಜುಲೈನಿಂದ ಇಲ್ಲಿ ಈಜುಕೊಳದ ಪಂಪುಗಳಿಗೆ ಕರೆಂಟ್ ಉಳಿಸುವ ನಿಯಮ ಬಂದಿದೆ. ಹೊಸ ಪಂಪು ಬಿಲ್ ಇಳಿಸುತ್ತೆ, ನಿಜ. ಆದರೆ ಕೊಳ್ಳುವಾಗ ಕೈ ಸುಡುತ್ತೆ. ಕೋವಿಡ್‌ನಲ್ಲಿ ಮನೆಯಲ್ಲೇ ಕೂತ ಜನಕ್ಕೆಲ್ಲ ಈಜುಕೊಳ ಬೇಕಾಯ್ತು. ಆಗ ಏರಿದ ಕೂಲಿ ಮತ್ತೆ ಇಳಿಯಲೇ ಇಲ್ಲ.

ಶೋಕಿ ಅನ್ನಬೇಡಿ. 2023ರಲ್ಲಿ ಈ ಊರಲ್ಲಿ ಸತತ 31 ದಿನ 43 ಡಿಗ್ರಿ ದಾಟಿತ್ತು. ಸಂಜೆ ನೀರಿಗಿಳಿಯದಿದ್ದರೆ ತಲೆ ಕೆಡುತ್ತಿತ್ತು.

ಇದೇ ಹೊತ್ತಿಗೆ ವಿಜಯಪುರದಿಂದ ಕಾಕಾನ ಮಗ ಫೋನ್ ಮಾಡಿದ. ಹೊಸ ಮನೆಗೆ ಈಜುಕೊಳ ಮಾಡಿಸುತ್ತಾನಂತೆ. ನನಗೆ ಮೊದಲು ನೆನಪಾದದ್ದು ಹೊಲದ ಬಾವಿ. ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿ ಇದೇ ಕಾಕಾ ನನ್ನನ್ನು ನೂಕಿದ್ದ. ಬೇಸಿಗೆಯಲ್ಲಿ ನೀರು ತಳ ಕಂಡಾಗ ಓಣಿಯ ಹುಡುಗರು ಇಳಿದು ಹೂಳು ತೆಗೆಯುತ್ತಿದ್ದರು. ಜಾರಿದ ಕಲ್ಲು ಕೂರಿಸೋಕೆ ಒಬ್ಬ ಗೌಂಡಿ. ಅವನಿಗೆ ಕೂಲಿ, ಉಳಿದವರಿಗೆ ರೊಟ್ಟಿ, ಝುಣಕ. ರಿಪೇರಿ ಅಂದರೆ ಅಷ್ಟೇ ಆಗಿತ್ತು. ಹಾವೂ ಇರುತ್ತಿದ್ದವು, ಅದನ್ನೂ ಹೇಳಬೇಕು. ಬೋರ್‌ವೆಲ್‌ಗಳು ಬಂದ ಮೇಲೆ ಆ ಬಾವಿ ಬತ್ತಿ ಹೋಯ್ತು.

1620ರ ದೊಡ್ಡ ಕಲ್ಲಿನ ಬಾವಿ, ತಾಜ್ ಬಾವಡಿ, ವಿಜಯಪುರದಲ್ಲೇ ಇದೆ. ಅದಕ್ಕೂ ಹೂಳು ತುಂಬಿತ್ತು, ಕೆಲವು ವರ್ಷದ ಹಿಂದೆ ತೆಗೆಸಿದರು. ಹೂಳು ತೆಗೆದರೆ ಕೆಳಗೆ ಕಲ್ಲು ಹಾಗೇ ಇರುತ್ತೆ. ನಮ್ಮ ಬಿಳಿ ಸಿಮೆಂಟಿನ ಪ್ಲಾಸ್ಟರ್ ಹತ್ತು ವರ್ಷ ಬಾಳಿದರೆ ಪುಣ್ಯ. ಗಡಸು ನೀರಿಗೆ ಅದೂ ಬೇಗ ಹೋಗುತ್ತೆ, ಟೈಲ್ಸ್ ಮೇಲೆ ಬಿಳಿ ಗೆರೆ ಕೂರುತ್ತೆ. ವಿಜಯಪುರದ ಬೋರ್ ನೀರು ಏನು ಕಮ್ಮಿ ಗಡಸಾ?

ಅದಕ್ಕೇ ತಮ್ಮನಿಗೆ ಕಟ್ಟೋ ಖರ್ಚಿನ ಬಗ್ಗೆ ಏನೂ ಹೇಳಲಿಲ್ಲ. ಅದನ್ನು ಎಲ್ಲರೂ ಕೇಳಿಯೇ ಕೇಳುತ್ತಾರೆ. ಖಾಲಿ ಮಾಡಿ ಮತ್ತೆ ತುಂಬೋ ಖರ್ಚು ಕೇಳಿಕೋ ಅಂದೆ. 50 ಸಾವಿರ ಲೀಟರ್ ಅಂದರೆ 5 ಸಾವಿರ ಲೀಟರಿನ 10 ಟ್ಯಾಂಕರ್. ಮೇ ತಿಂಗಳಲ್ಲಿ, ಪಕ್ಕದ ಮನೆಯವರು ಕೊಡ ಹಿಡಿದು ನಿಂತಿರುವಾಗ, ನಿನ್ನ ಗೇಟಿಗೆ ಹತ್ತು ಟ್ಯಾಂಕರ್ ಬರಬೇಕು. ಪ್ಲಾಸ್ಟರ್ ಹೋದಾಗ ಕಿತ್ತು ಹಾಕೋ ಗೌಂಡಿ ಊರಲ್ಲಿದ್ದಾನಾ, ಬೆಂಗಳೂರಿಂದ ಕರೆಸಬೇಕಾ, ಅದನ್ನೂ ಈಗಲೇ ವಿಚಾರಿಸು ಅಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಣ್ಣಾ, ಟೈಲ್ಸ್ ಆರ್ಡರ್ ಕೊಟ್ಟಾಗೇದ. ನೀಲಿದು. ಫೋಟೋ ಕಳಸ್ಲೇನು?" ಅಂದ.