ಕೆಸಿಡಿ ಬ್ರಿಟಿಷರು ಕೊಟ್ಟ ಉಡುಗೊರೆಯಲ್ಲ

ಧಾರವಾಡದ ಕರ್ನಾಟಕ ಕಾಲೇಜಿನ (ಕೆಸಿಡಿ) ಮುಂದೆ ತೆಗೆಸಿಕೊಂಡ ಫೋಟೋಗಳು ಇಲ್ಲಿ ಆಗಾಗ ಕಾಣುತ್ತವೆ. ನೋಡಲು ಖುಷಿಯೇ. ಆದರೆ ಕೆಳಗೆ ‘ಬ್ರಿಟಿಷರು ಕಟ್ಟಿಸಿಕೊಟ್ಟ ಕಾಲೇಜು’ ಅಂತ ಬರೆದಿದ್ದರೆ ನನಗೆ ಸಂಕಟವಾಗುತ್ತದೆ. ಅವರು ನಮಗೆ ಕಾಲೇಜು ಕಟ್ಟಿಸಿಕೊಡಲಿಲ್ಲ. ಅಲ್ಲಿದ್ದದ್ದು ರೈಲ್ವೆ ಆಫೀಸು. ಅದನ್ನು ಕಾಲೇಜು ಮಾಡಿಸಿಕೊಂಡವರು ನಮ್ಮ ಹಿರಿಯರು.

ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದು 1882ರಲ್ಲಿ. ಈ ಭಾಗಕ್ಕೆ ಮೀಟರ್ ಗೇಜ್ ರೈಲು ತಂದದ್ದು ಅದೇ. ವರ್ಕ್‌ಶಾಪ್ ಹುಬ್ಬಳ್ಳಿಯಲ್ಲಿ, ಹೆಡ್ ಆಫೀಸ್ ಧಾರವಾಡದಲ್ಲಿ. 1908ರಲ್ಲಿ ಈ ಕಂಪನಿ ಮದ್ರಾಸ್ ರೈಲ್ವೆ ಜೊತೆ ಸೇರಿತು, ಹೆಡ್ ಆಫೀಸ್ ಮದ್ರಾಸಿನ ಪಾಲಾಯಿತು. ಊರಿಗೆ ಅದು ದೊಡ್ಡ ಪೆಟ್ಟೇ. (ರೈಲ್ವೆಯ ಕೇಂದ್ರ ಕಚೇರಿ ಮತ್ತೆ ಈ ಅವಳಿ ನಗರಕ್ಕೆ ಬಂದದ್ದು 2003ರಲ್ಲಿ, ನೈಋತ್ಯ ರೈಲ್ವೆಯ ರೂಪದಲ್ಲಿ, ಅದೂ ಹುಬ್ಬಳ್ಳಿಗೆ.)

ಆಗ ನಮ್ಮ ಕಡೆಯ ಹುಡುಗ ಮೆಟ್ರಿಕ್ ಪಾಸಾದರೆ ಮುಂದೆ ಏನು? ಪುಣೆ, ಇಲ್ಲವೇ ಮುಂಬೈ. ದೂರದ ಊರು, ಬೇರೆ ಭಾಷೆ, ಊಟ-ವಸತಿಯ ಖರ್ಚು. ಎಷ್ಟು ಮನೆಗಳಿಗೆ ಅದು ಸಾಧ್ಯವಿತ್ತು? ಬೇಂದ್ರೆಯವರನ್ನೇ ನೋಡಿ. ಧಾರವಾಡದವರೇ ಆದರೂ ಕಾಲೇಜಿಗೆ ಪುಣೆಯ ಫರ್ಗ್ಯೂಸನ್‌ಗೆ ಹೋಗಬೇಕಾಯಿತು. ಬಿ.ಎ. ಮುಗಿಸಿದ್ದು 1918ರಲ್ಲಿ.

ಅದಕ್ಕೆ ಒಂದು ವರ್ಷ ಮೊದಲು, 1917ರಲ್ಲಿ, ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಗಿತ್ತು. ರೊದ್ದ ಶ್ರೀನಿವಾಸರಾಯರು ಮತ್ತು ಅರಟಾಳ ರುದ್ರಗೌಡರು ಇದಕ್ಕಾಗಿ ಓಡಾಡಿದ ಹಿರಿಯರು. ಸರ್ಕಾರದ ಬೆನ್ನು ಹತ್ತಿದರು, ಜನರಿಂದ ವಂತಿಗೆ ಕೂಡಿಸಿದರು. ರೈಲ್ವೆ ಬಿಟ್ಟುಹೋದ ಕಟ್ಟಡದಲ್ಲಿ ಕನ್ನಡ ನಾಡಿನ ಮಕ್ಕಳು ಓದಲು ಕೂತರು. ಸವಣೂರಿನ ವಿ.ಕೃ. ಗೋಕಾಕರಿಗೆ ಬಿ.ಎ.ಗೆ ಪುಣೆಗೆ ಹೋಗುವ ಅಗತ್ಯ ಬೀಳಲಿಲ್ಲ, ಇಲ್ಲೇ ಓದಿದರು. ಗಿರೀಶ ಕಾರ್ನಾಡರೂ 1958ರಲ್ಲಿ ಇಲ್ಲಿಂದಲೇ ಪದವಿ ಪಡೆದರು, ಅದೂ ಗಣಿತದಲ್ಲಿ. ಇಬ್ಬರೂ ಮುಂದೆ ಆಕ್ಸ್‌ಫರ್ಡ್‌ಗೆ ಹೋದವರು, ಇಬ್ಬರಿಗೂ ಜ್ಞಾನಪೀಠ ಬಂತು. ಇವರಿಗಿಂತ ನನಗೆ ಜಾಸ್ತಿ ನೆನಪಾಗುವವರು ಹೆಸರಿಲ್ಲದವರು. ಗದಗ, ಹಾವೇರಿ ಕಡೆಯ ಹಳ್ಳಿಗಳಿಂದ ಬಂದು, ಖೋಲಿ ಹಿಡಿದು, ಕೈಯಾರೆ ಅಡುಗೆ ಮಾಡಿಕೊಂಡು ಓದಿ, ಮನೆತನದಲ್ಲೇ ಮೊದಲ ಪದವೀಧರರಾದವರು. ಕಾಲೇಜು ಪುಣೆಯಲ್ಲೇ ಉಳಿದಿದ್ದರೆ ಅವರು ಮೆಟ್ರಿಕ್‌ಗೇ ನಿಲ್ಲುತ್ತಿದ್ದರು, ಅಲ್ವಾ?

ಕಟ್ಟಡದ ಬಗ್ಗೆಯೂ ಒಂದು ಮಾತು. ಅಲ್ಲಿನ ಗೋಡೆ ಎಷ್ಟು ದಪ್ಪ ಅಂತ ಕಿಟಕಿಯ ಕಟ್ಟೆಯ ಮೇಲೆ ಕೂತವರಿಗೆ ಗೊತ್ತು. ಬೆನ್ನು ಒಂದು ಬದಿಗೆ ಆನಿಸಿ, ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು ಆರಾಮಾಗಿ ಓದಬಹುದು. ಏಪ್ರಿಲ್ ಬಿಸಿಲಲ್ಲೂ ಒಳಗೆ ತಂಪು. ಇಂಥ ಹಳೆಯ ಕಲ್ಲಿನ ಕಟ್ಟಡಗಳಿಗೆ ಬಳಸುತ್ತಿದ್ದದ್ದು ಸುಣ್ಣದ ಗಾರೆ. ಅದು ಗೋಡೆಯೊಳಗಿನ ತೇವವನ್ನು ಹೊರಗೆ ಬಿಡುತ್ತದೆ. ಸಂದಿಗೆ ಸಿಮೆಂಟು ತುಂಬಿದರೆ ತೇವಕ್ಕೆ ದಾರಿಯಿಲ್ಲ, ಆಮೇಲೆ ಕಲ್ಲಿನ ಮೈಯೇ ಉದುರುತ್ತದೆ. ಧಾರವಾಡದ ಮಳೆ ಬೇರೆ ಸುಮ್ನೆ ಬಿಡುವುದಿಲ್ಲ. ಆದ್ದರಿಂದ ಯಾವತ್ತೇ ದುರಸ್ತಿ ಆಗಲಿ, ಸುಣ್ಣದ ಗಾರೆ ಕೆಲಸ ಬಲ್ಲವರನ್ನು ಕರೆಸಲೇಬೇಕು. ಖರ್ಚು ಜಾಸ್ತಿ ಆಗುತ್ತದೆ, ಆಗಲಿ.

ಜೊತೆಗೆ ಒಂದು ಕೋಣೆಯಲ್ಲಿ ಈ ಕಥೆಯನ್ನು ಪೂರ್ತಿ ಹೇಳಬೇಕು. ರೈಲ್ವೆ ಕಾಲದ ನಕ್ಷೆ, ಮೊದಲ ವರ್ಷಗಳ ಹಾಜರಿ ಪುಸ್ತಕ, ಹಳೆಯ ಗ್ರೂಪ್ ಫೋಟೋ, ಯಾವುದು ಸಿಕ್ಕರೂ ಸರಿ. ಮುಖ್ಯವಾಗಿ ವಂತಿಗೆ ಕೊಟ್ಟವರ ಹೆಸರು. ನಿಮ್ಮ ಅಜ್ಜ-ಮುತ್ತಜ್ಜಂದಿರ ಟ್ರಂಕಿನಲ್ಲಿ ಈ ಕಾಲೇಜಿಗೆ ಸೇರಿದ ಕಾಗದ, ರಸೀದಿ, ಪ್ರಮಾಣಪತ್ರ ಏನೇ ಇದ್ದರೂ ದಯವಿಟ್ಟು ಎಸೆಯಬೇಡಿ. ಒಂದು ಫೋಟೋ ತೆಗೆದು ಕೆಳಗೆ ಹಾಕಿ, ಯಾವ ಊರು ಅಂತಲೂ ಬರೆಯಿರಿ.