ಏನೇನು ನೋಡಿದ್ರಿ?

ನಿನ್ನೆ ರಾಜಾಜಿನಗರದಲ್ಲಿ ಒಂದು ನಾಮಕರಣದ ಊಟ. ಹೋಳಿಗೆ ಬಡಿಸುವ ಹೊತ್ತಿಗೆ ಎದುರು ಸಾಲಿನಿಂದ ಪ್ರಶ್ನೆ ಬಂತು. "ಗ್ರೀಸ್‌ಗೆ ಹೋಗಿದ್ರಂತೆ? ಏನೇನು ನೋಡಿದ್ರಿ?"

"ಸಮುದ್ರ" ಅಂದೆ.

"ಅದು ಸರಿ. ಮತ್ತೆ?"

"ಅದೇ ಸಮುದ್ರ. ಏಳು ದಿನ."

ಎದುರಿನವರ ಕೈ ಎಲೆಯ ಮೇಲೇ ನಿಂತಿತು. ಪಕ್ಕದಲ್ಲಿದ್ದ ನಮ್ಮ ಭಾವ ಮಾತ್ರ ಬಿಡಲಿಲ್ಲ. "ಅಷ್ಟು ದುಡ್ಡು ಸುರಿದು ಸಮುದ್ರ ನೋಡೋಕೆ ಅಲ್ಲೀವರೆಗೆ ಹೋಗಬೇಕಿತ್ತಾ? ನಮ್ಮ ಮಲ್ಪೆ ಏನು ಪಾಪ ಮಾಡಿತ್ತು?" ಅಂದರು. ಸಾಲಿಗೆ ಸಾಲೇ ನಕ್ಕಿತು. ನಾನೂ ನಕ್ಕೆ. ಎಲೆ ಮುಂದೆ ಕೂತು ಜಗಳ ಆಡಬಾರದು ಅಂತ ನಮ್ಮಮ್ಮ ಹೇಳಿಕೊಟ್ಟಿದ್ದಾರೆ. ಫೇಸ್‌ಬುಕ್‌ನಲ್ಲಿ ಆಡಬಾರದು ಅಂತ ಹೇಳಿಲ್ಲ.

ನಿಮಗೆಲ್ಲ ಗೊತ್ತೇ ಇದೆ, ಇವರು, ಅಂದರೆ ನಮ್ಮ ಯಜಮಾನರು, ಮೇ ತಿಂಗಳಲ್ಲಿ ಬ್ಯಾಂಕಿನಿಂದ ರಿಟೈರ್ ಆದರು. ಮಗ ಮ್ಯೂನಿಕ್‌ನಲ್ಲಿದ್ದಾನೆ. ಅಲ್ಲಿಗೆ ಹೋದ ಮೂರನೇ ವಾರ ಅವನೇ ಟಿಕೆಟ್ ಮಾಡಿಸಿ, "ನೀವಿಬ್ಬರೇ ಒಂದು ವಾರ ಎಲ್ಲಾದರೂ ಹಾಯಾಗಿ ಇದ್ದು ಬನ್ನಿ" ಅಂದ. (ನಾನು ಅವರ ಅಡುಗೆಮನೆ ಡಬ್ಬಗಳನ್ನೆಲ್ಲ ಬೇರೆ ಕಡೆ ಜೋಡಿಸಿದ್ದೆ. ಸೊಸೆಗೂ ಒಂದು ವಾರ ಹಾಯಾಗಿ ಇರಬೇಕಿತ್ತು ಅಂತ ನನ್ನ ಅನುಮಾನ.) ಹಾಗೆ ಸೆಪ್ಟೆಂಬರ್ ಕೊನೆಯಲ್ಲಿ ನಾವು ಹೋಗಿದ್ದು ನಾಕ್ಸೋಸ್ ಅನ್ನೋ ದ್ವೀಪಕ್ಕೆ.

"ಸ್ಯಾಂಟೊರಿನಿ ಅಲ್ವಾ?" ಇದು ಎರಡನೇ ಪ್ರಶ್ನೆ. ಅಲ್ಲ ಸ್ವಾಮಿ, ಸೂರ್ಯಾಸ್ತ ನೋಡೋಕೆ ಎಲ್ಲರೂ ನುಗ್ಗುವ ಆ ದ್ವೀಪ ಅಲ್ಲ. ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ದೊಡ್ಡ ಹಡಗಿನಲ್ಲಿ ಐದು ಗಂಟೆ ಹೋದರೆ ನಾಕ್ಸೋಸ್ ಸಿಗುತ್ತದೆ. ಅದೇ ಹಡಗು ಮುಂದೆ ಸ್ಯಾಂಟೊರಿನಿಗೆ ಹೋಗುತ್ತದೆ. ನಾವು ಇಳಿಯುವಾಗ ಅಲ್ಲಿದ್ದ ಒಂದು ಇಂಡಿಯನ್ ಜೋಡಿ ನಮ್ಮನ್ನು ತಪ್ಪಾದ ಸ್ಟಾಪಿನಲ್ಲಿ ಇಳಿಯುತ್ತಿರುವ ವಯಸ್ಸಾದವರನ್ನು ನೋಡುವ ಹಾಗೆ ನೋಡಿತು. ಆ ಹುಡುಗಿಯ ಸೂಟ್‌ಕೇಸಿನಲ್ಲಿ ಫೋಟೋಗೆ ಅಂತಲೇ ತಂದ, ಗಾಳಿಗೆ ಹಾರುವ ಉದ್ದನೆ ಕೆಂಪು ಗೌನು ಇತ್ತು. ಅವಳೇ ಹೇಳಿದ್ದು. ಸಂತೋಷ. ಸ್ಯಾಂಟೊರಿನಿಯ ಜನಸಂಖ್ಯೆ ಸುಮಾರು 15 ಸಾವಿರ. ಪ್ರವಾಸಿ ಹಡಗುಗಳಲ್ಲಿ ಬರುವವರು ದಿನಕ್ಕೆ 8 ಸಾವಿರ ದಾಟಬಾರದು ಅಂತ 2025ರಲ್ಲಿ ಮಿತಿ ಹಾಕಿದ್ದಾರೆ. ಮಿತಿಯೇ ಅಷ್ಟು! ಆ ನೂಕುನುಗ್ಗಲಲ್ಲಿ ನಿಂತು ನೋಡೋದೂ ಅದೇ ಸೂರ್ಯನನ್ನೇ. ನಮ್ಮ ಸೂರ್ಯ ದಿನಾ ಸಂಜೆ ಪಾರೋಸ್ ದ್ವೀಪದ ಗುಡ್ಡದ ಹಿಂದೆ ಇಳಿಯುತ್ತಿದ್ದ. ಯಾರೂ ಚಪ್ಪಾಳೆ ಹೊಡೆಯುತ್ತಿರಲಿಲ್ಲ.

ಅಥೆನ್ಸ್‌ನ ಗುಡ್ಡದ ಮೇಲಿನ ಅಕ್ರೊಪೊಲಿಸ್ ಕೂಡ ನೋಡಲಿಲ್ಲ ಅಂದಾಗ ನಾಮಕರಣದ ಮನೆಯಲ್ಲಿ ಯಾರೋ "ಅಯ್ಯೋ" ಅಂದರು, ಸಾವಿನ ಸುದ್ದಿ ಕೇಳಿದ ಹಾಗೆ. ರಾತ್ರಿ ದೂರದಿಂದ ದೀಪದ ಬೆಳಕಿನಲ್ಲಿ ಕಂಡಿತು, ಬೆಳಿಗ್ಗೆ ಹಡಗು ಹತ್ತಿದೆವು. ಅದರ ಮೇಲಿನ ಪಾರ್ಥೆನಾನ್ ದೇವಸ್ಥಾನ ಕ್ರಿ.ಪೂ. 432ರಿಂದ ಅಲ್ಲೇ ಇದೆ. ನಾವು ಇನ್ನೊಂದು ಸಲ ಹೋಗುವವರೆಗೆ ಎಲ್ಲಿಗೂ ಓಡಿಹೋಗಲ್ಲ.

ನಿಜ ಹೇಳಬೇಕು ಅಂದರೆ ಮೊದಲ ಎರಡು ದಿನ ನಾವೂ ಪಟ್ಟಿ ಹಿಡಿದು ಓಡುವವರ ಹಾಗೇ ಇದ್ದೆವು. ಇವರು ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿದ್ದರು. 7:40ಕ್ಕೆ ತಿಂಡಿ, 8:15ಕ್ಕೆ ಬಸ್ಸು. ಪೋರ್ಟಾರಾ ಅಂತ ಒಂದು ಅಮೃತಶಿಲೆಯ ಬಾಗಿಲು ಇದೆ, ಬಂದರಿನ ಪಕ್ಕದಲ್ಲೇ. ಕ್ರಿ.ಪೂ. 530ರ ಸುಮಾರಿಗೆ ಕಟ್ಟಲು ಶುರು ಮಾಡಿ ಮುಗಿಸದೇ ಬಿಟ್ಟ ದೇವಸ್ಥಾನ. ಉಳಿದಿರೋದು ಬಾಗಿಲಿನ ಚೌಕಟ್ಟು ಮಾತ್ರ. ಆಚೆ ಬರೀ ಆಕಾಶ. ಅಲ್ಲಿ ನಿಂತು ಇವರು ಗಡಿಯಾರ ನೋಡಿ, "20 ನಿಮಿಷ ಲೇಟ್" ಅಂದರು. ಇದೇ ದ್ವೀಪದಲ್ಲೇ ಗ್ರೀಕ್ ಪುರಾಣದ ಥೀಸಿಯಸ್ ಅನ್ನೋ ವೀರ ತನ್ನನ್ನು ನಂಬಿ ಬಂದ ಅರಿಯಾಡ್ನೆ ಅನ್ನೋ ರಾಜಕುಮಾರಿಯನ್ನು ಮಲಗಿದ್ದಲ್ಲೇ ಬಿಟ್ಟು ಹಡಗು ಹತ್ತಿದನಂತೆ. ಅವನ ಕೈಯಲ್ಲೂ ಒಂದು ಪಟ್ಟಿ ಇದ್ದಿರಬೇಕು ಅಂತ ನನಗೆ ಅಲ್ಲೇ ಹೊಳೆಯಿತು. ಇವರಿಗೆ ಹೇಳಿದೆ. ನಗಲಿಲ್ಲ.

ಮೂರನೇ ದಿನ ಅಪೊಲೊನಾಸ್ ಅನ್ನೋ ಹಳ್ಳಿಯ ಬಸ್ಸು ತಪ್ಪಿತು. ಅಲ್ಲಿ ಹಳೇ ಕಲ್ಲುಗಣಿಯಲ್ಲಿ ಸುಮಾರು 35 ಅಡಿ ಉದ್ದದ ಮೂರ್ತಿಯೊಂದು ಅರ್ಧ ಕೆತ್ತಿ ಬಿಟ್ಟಂತೆಯೇ ಮಲಗಿದೆ. ನಮ್ಮ ಗೊಮ್ಮಟ ನಿಂತಿದ್ದಾನೆ, ಇವನು ಎರಡೂವರೆ ಸಾವಿರ ವರ್ಷದಿಂದ ಬೆನ್ನು ನೆಲಕ್ಕೆ ಕೊಟ್ಟು ಮಲಗೇ ಇದ್ದಾನೆ. ಅವನನ್ನು ನೋಡಲಿಲ್ಲ ಅನ್ನೋದು ಮಾತ್ರ ನನಗೆ ಸ್ವಲ್ಪ ಬೇಜಾರು. ನಮ್ಮ ಪೈಕಿಯವನು ಅಂತ.

ಬಸ್ಸು ತಪ್ಪಿದ ಮೇಲೆ ಇಬ್ಬರಿಗೂ ಜಗಳ ಆಯಿತು. ಜಗಳ ಮುಗಿಸಿ ಅಗಿಯಾ ಆನ್ನಾ ಬೀಚಿನಲ್ಲಿ, ನಾವಿದ್ದ ರೂಮಿನ ಕೆಳಗಿನ ಹೋಟೆಲಿನಲ್ಲಿ ಸುಮ್ನೆ ಕೂತೆವು. ಅಲ್ಲಿಂದ ಏಳಲೇ ಇಲ್ಲ, ಹೆಚ್ಚುಕಡಿಮೆ ನಾಲ್ಕು ದಿನ.

ಊಟದ ಬಗ್ಗೆ ಕೇಳುತ್ತೀರಿ, ಗೊತ್ತು. ನಮ್ಮಂಥ ಹುಲ್ಲು ತಿನ್ನುವವರಿಗೆ ಏನೂ ಕೊರತೆ ಇಲ್ಲ. ನಾಕ್ಸೋಸ್ ಆಲೂಗಡ್ಡೆಗೆ ಇಡೀ ಗ್ರೀಸ್‌ನಲ್ಲಿ ಹೆಸರು. ಆಲಿವ್ ಎಣ್ಣೆಯಲ್ಲಿ ಕರಿದು ಬರೀ ಉಪ್ಪು ಹಾಕಿ ಕೊಡುತ್ತಾರೆ. ಅನ್ನ ತುಂಬಿ ಬೇಯಿಸಿದ ಟೊಮೆಟೊ, ಬೇಯಿಸಿ ನಿಂಬೆಹಣ್ಣು ಹಿಂಡಿದ ಸೊಪ್ಪು, ಗಟ್ಟಿ ಮೊಸರಿಗೆ ಜೇನುತುಪ್ಪ. ಒಂದೇ ಎಚ್ಚರಿಕೆ. ಅವರ ಉಪವಾಸದ ಊಟಕ್ಕೆ "ನಿಸ್ತೀಸಿಮೊ" ಅನ್ನುತ್ತಾರೆ. ಮಾಂಸ, ಮೊಟ್ಟೆ, ಹಾಲು ಏನೂ ಇರಲ್ಲ ಅಂತ ಇವರು ಖುಷಿಯಿಂದ ಕೇಳಿದರು. ಆಕ್ಟೋಪಸ್ ಬಂತು. ಅದು ಅವರಿಗೆ ಉಪವಾಸಕ್ಕೆ ನಡೆಯುತ್ತದಂತೆ!

ಊಟ ಆಗಿ ಮುಕ್ಕಾಲು ಗಂಟೆಯಾದರೂ ಬಿಲ್ ಬರಲಿಲ್ಲ. ಅಲ್ಲಿ ನಾವಾಗಿ ಕೇಳದೆ ಬಿಲ್ ತರಲ್ಲ. ತಂದರೆ "ಎದ್ದು ಹೋಗಿ" ಅಂದ ಹಾಗಂತೆ. ಇವರು ಚಡಪಡಿಸಿ ಕೈ ಎತ್ತಿದರು. ಮಾಲೀಕ ಅಲ್ಲಿಂದಲೇ "ಸಿಗಾ ಸಿಗಾ" ಅಂದ.

"ಏನಂತೆ?" ಅಂದೆ.

"ಸಿಗುತ್ತೆ ಅಂತಿದಾನೆ" ಅಂದರು ಇವರು, ಬಹಳ ಗಂಭೀರವಾಗಿ.

ಸಿಗಾ ಸಿಗಾ ಅಂದರೆ ಗ್ರೀಕ್‌ನಲ್ಲಿ ನಿಧಾನ, ನಿಧಾನ ಅಂತ. ಆಮೇಲೆ ಬಿಲ್ ಬಂತು, ಜೊತೆಗೆ ಕೇಳದೇ ಒಂದು ತಟ್ಟೆ ಕಲ್ಲಂಗಡಿ. ದರ್ಶಿನಿಯಲ್ಲಿ ನಿಂತು ಕಾಫಿ ಕುಡಿದು ಲೋಟ ಇಡುವ ಮೊದಲೇ ಟೇಬಲ್ ಒರೆಸುವ ಬಟ್ಟೆ ಬಂದು ಮೊಣಕೈಗೆ ತಾಗುವ ಊರಿನವರು ನಾವು. ಆ ಕಲ್ಲಂಗಡಿ ಮುಂದೆ ಏನು ಮಾಡಬೇಕು ಅಂತಲೇ ತಿಳಿಯಲಿಲ್ಲ.

ಸುಮ್ನೆ ಕೂರೋದನ್ನು ಆ ದೇಶದಲ್ಲಿ ಸೋಮಾರಿತನ ಅಂತ ಯಾರೂ ಅಂದುಕೊಂಡಿಲ್ಲ. ಬೇಸಿಗೆಯ ತಿಂಗಳುಗಳಲ್ಲಿ ಮಧ್ಯಾಹ್ನ 3ರಿಂದ 5:30ರವರೆಗೆ ಗದ್ದಲ ಮಾಡುವ ಹಾಗಿಲ್ಲ, ಅದಕ್ಕೆ ನಿಯಮವೇ ಇದೆ. ಮಧ್ಯಾಹ್ನದ ನಿದ್ದೆಗೆ ಸರ್ಕಾರದ ಕಾವಲು! ನಮ್ಮ ರಸ್ತೆಯಲ್ಲಿ ಅದೇ ಹೊತ್ತಿಗೆ ಟೈಲ್ಸ್ ಕತ್ತರಿಸುತ್ತಾರೆ. ಇನ್ನೊಂದು ವಿಷಯ ಕೇಳಿ. ಎದುರಿಗೆ ಕಾಣುವ ಪಾರೋಸ್‌ನಲ್ಲಿ 2023ರಲ್ಲಿ ಊರಿನವರು ಟವೆಲ್ ಚಳವಳಿ ಮಾಡಿದರು. ವ್ಯಾಪಾರದವರು ಬೀಚಿನ ತುಂಬ ಬಾಡಿಗೆ ಕುರ್ಚಿ, ಛತ್ರಿಗಳನ್ನು ಹಾಕಿ ಜನರಿಗೆ ಟವೆಲ್ ಹಾಸಿ ಕೂರಲೂ ಜಾಗ ಇಲ್ಲದ ಹಾಗೆ ಮಾಡಿದ್ದರಂತೆ. ಬೇರೆ ದ್ವೀಪಗಳಿಗೂ ಗಲಾಟೆ ಹಬ್ಬಿತು. ಮರುವರ್ಷ ಸರ್ಕಾರ ಕಾನೂನು ತಂದು, ಬೀಚಿನ ಅರ್ಧದಷ್ಟಾದರೂ ಖಾಲಿ ಇರಬೇಕು ಅಂದಿತು. ನಾವು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯೋದು ಎಲ್ಲಿಗಾದರೂ ಹೋಗೋಕೆ. ಅವರು ಟವೆಲ್ ಹಿಡಿದು ಬೀದಿಗಿಳಿದದ್ದು ಎಲ್ಲಿಗೂ ಹೋಗದೆ ಕೂರೋಕೆ.

ಈಗ ಭಾವನ ಮಲ್ಪೆ. ಒಪ್ಪಿದೆ, ಮಲ್ಪೆ ಚೆನ್ನಾಗಿದೆ. ದುಡ್ಡೂ ಉಳಿಯುತ್ತಿತ್ತು. ಆದರೆ ಮಲ್ಪೆಗೆ ಹೋದರೆ ಉಡುಪಿಯಲ್ಲಿ ಕೃಷ್ಣನ ದರ್ಶನ ಮಾಡದೇ ಬರೋಕಾಗುತ್ತಾ? ಕೃಷ್ಣನನ್ನು ನೋಡಿದ ಮೇಲೆ ಮಣಿಪಾಲದ ಚಿಕ್ಕಮ್ಮನ ಮನೆ. ಅವರ ಮನೆಗೆ ಹೋಗಿ ಕುಂದಾಪುರದ ಅತ್ತಿಗೆ ಮನೆಗೆ ಹೋಗದಿದ್ದರೆ ಮುಂದಿನ ಮದುವೆವರೆಗೆ ಮಾತಿಲ್ಲ. ಅಲ್ಲೀವರೆಗೆ ಹೋಗಿ ಕೊಲ್ಲೂರು ಬಿಡ್ತೀರಾ? ಬರುವ ದಾರಿಯಲ್ಲಿ ಶೃಂಗೇರಿ, ಹೊರನಾಡು. ಸಮುದ್ರಕ್ಕೆ ಸಿಗೋದು 40 ನಿಮಿಷ. ಅದರಲ್ಲಿ 20 ನಿಮಿಷ ಗ್ರೂಪ್ ಫೋಟೋ, 20 ನಿಮಿಷ ಕಾಲಿನ ಮರಳು ತೊಳೆಯೋಕೆ ನಲ್ಲಿ ಹುಡುಕೋದು. ನಾನು ಇದನ್ನು ಆರು ಸಲ ಮಾಡಿದ್ದೇನೆ ಭಾವ. ಆರೂ ಸಲ ಟಿಟಿ ಬುಕ್ ಮಾಡಿದ್ದು ನೀವೇ.

ಇನ್ನು ಒಂದು ಮಾತು. ಬರೆಯಬೇಕೋ ಬೇಡವೋ ಅಂತ ಯೋಚಿಸಿ ಬರೀತಿದ್ದೇನೆ, ಇವರ ಅನುಮತಿ ಇದೆ.

ಐದನೇ ದಿನ ನಾನು ನೀರಿಗಿಳಿದೆ. ಅಲ್ಲಿ ದಿನಾ ನಾಲ್ಕೈದು ಗ್ರೀಕ್ ಅಜ್ಜಿಯರು ತಲೆಗೆ ಟೋಪಿ ಹಾಕಿಕೊಂಡು ಎದೆಮಟ್ಟದ ನೀರಿನಲ್ಲಿ ನಿಂತು ಗಂಟೆಗಟ್ಟಲೆ ಹರಟುತ್ತಿದ್ದರು, ಥೇಟ್ ನಮ್ಮ ಬೀದಿಯ ಕಟ್ಟೆ ಮೇಲೆ ಕೂತ ಹಾಗೆ. ಅವರಲ್ಲೊಬ್ಬರು ಕೈ ಮಾಡಿ ಕರೆದರು. ಚೂಡಿದಾರಿನಲ್ಲೇ ಹೋದೆ. ನನ್ನ 54 ವರ್ಷದಲ್ಲಿ ಸಮುದ್ರ ಮೊಣಕಾಲು ದಾಟಿದ್ದು ಅದೇ ಮೊದಲು. ದಡದಲ್ಲಿ ಇವರು ಎದ್ದು ನಿಂತು "ಸಾಕು, ಬಾ ಮೇಲೆ" ಅಂತ ಕೂಗತೊಡಗಿದರು. ಮಕ್ಕಳು ಚಿಕ್ಕವರಿದ್ದಾಗಲೂ ಇದೇ ಕೂಗು. ಈಜು ಕಲಿಸೋಕೂ ಬಿಟ್ಟಿರಲಿಲ್ಲ. ಅದಕ್ಕಾಗಿ ನಾನು ಎಷ್ಟು ವರ್ಷ ಸಿಡುಕಿದ್ದೇನೋ!

ಆ ಸಂಜೆ, ಮಾತಾಡೋಕೆ ಇನ್ನೇನೂ ಉಳಿದಿರಲಿಲ್ಲ. ಇಎಂಐ ಇಲ್ಲ, ಮಕ್ಕಳ ಫೀಸ್ ಇಲ್ಲ, ಗ್ಯಾಸ್ ಬುಕ್ ಮಾಡುವ ಗೋಜಿಲ್ಲ. ಸುಮಾರು ಹೊತ್ತು ಸುಮ್ನಿದ್ದು ಇವರು ಹೇಳಿದರು. ಒಂಬತ್ತು ವರ್ಷ ಇದ್ದಾಗ ಸ್ಕೂಲು ತಪ್ಪಿಸಿ ಊರ ಕೆರೆಗೆ ಇಳಿದು ಮುಳುಗಿದ್ದರಂತೆ. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬರು ಜುಟ್ಟು ಹಿಡಿದು ಎಳೆದು ಹಾಕಿದರಂತೆ. ಅಪ್ಪ ಚರ್ಮ ಸುಲೀತಾರೆ ಅಂತ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆಮೇಲೆ ಹೇಳುವ ಸಂದರ್ಭವೇ ಬರಲಿಲ್ಲ ಅಂದರು. ನಮ್ಮ ಮದುವೆಯಾಗಿ 29 ವರ್ಷ. ಸಂದರ್ಭ ಬರಲಿಲ್ಲವಂತೆ!

ನಾನು ಬೈಯಲಿಲ್ಲ. ಇನ್ನೊಂದು ತಟ್ಟೆ ಆಲೂಗಡ್ಡೆ ಹೇಳಿದೆ.

ನಾಮಕರಣದ ಮನೆಯವರು ಫೋಟೋ ಕಳಿಸಿ ಅಂತ ಪೀಡಿಸುತ್ತಿದ್ದಾರೆ. ಇರೋದೇ 31 ಫೋಟೋ. ಅದರಲ್ಲಿ 12 ನಮ್ಮ ಕುರ್ಚಿ ಕೆಳಗೆ ಮಲಗುತ್ತಿದ್ದ ಒಂದು ಕೆಂಚು ಬೆಕ್ಕಿನದು. ಕಳಿಸುತ್ತೇನೆ, ಎಲ್ಲಾ 12.

ಇದನ್ನು ಬರೆಯುತ್ತಿರುವಾಗ ಇವರು ಪಕ್ಕದಲ್ಲೇ ಲ್ಯಾಪ್‌ಟಾಪ್ ತೆಗೆದು ಕೂತಿದ್ದಾರೆ. ಡಿಸೆಂಬರ್‌ಗೆ ಕಾಶಿ, ಪ್ರಯಾಗ, ಅಯೋಧ್ಯೆ, ಗಯಾ. ನಾಲ್ಕು ದಿನ. ಭಾವನವರೂ ಬರ್ತಾರಂತೆ. ಎಕ್ಸೆಲ್‌ನ ಮೊದಲ ಸಾಲಿನಲ್ಲಿ ಬೆಳಿಗ್ಗೆ 4:10 ಅಂತ ಕಾಣ್ತಿದೆ.