ಲಿವರ್ ಎಳೆಯುವ ಮೊದಲು ನೆಲ ನೋಡಿ

ಮಳೆ ಶುರುವಾದರೆ ಸಾಕು, ಫೋರ್ ವೀಲ್ ಡ್ರೈವ್ (ಎಂಜಿನ್ ಬಲ ನಾಲ್ಕೂ ಚಕ್ರಕ್ಕೆ ಹೋಗುವ ವ್ಯವಸ್ಥೆ) ಹಾಕಿಕೊಂಡು ಡಾಂಬರು ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿಸುವವರಿದ್ದಾರೆ. ಕೇಳಿದರೆ 'ಸೇಫ್ಟಿಗೆ' ಅನ್ನುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದರಿಂದ ಅಪಾಯವೇನೂ ಕಡಿಮೆಯಾಗುವುದಿಲ್ಲ, ಗಾಡಿ ಮಾತ್ರ ಒಳಗೊಳಗೇ ಸವೆಯುತ್ತದೆ.

ನಾನು ಹೇಳುತ್ತಿರುವುದು ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್ ಬಗ್ಗೆ. ಅಂದರೆ 2ಎಚ್ (ಎರಡು ಚಕ್ರಕ್ಕೆ ಬಲ, ಮಾಮೂಲಿ ಓಟ), 4ಎಚ್ (ನಾಲ್ಕೂ ಚಕ್ರಕ್ಕೆ ಬಲ, ಮಾಮೂಲಿ ವೇಗ), 4ಎಲ್ (ನಾಲ್ಕೂ ಚಕ್ರಕ್ಕೆ ಬಲ, ನಿಧಾನ ವೇಗ) ಅಂತ ಲಿವರ್ ಅಥವಾ ನಾಬ್ ಇರುವ ಗಾಡಿಗಳು. ಗಾಡಿ ತಿರುಗುವಾಗ ನಾಲ್ಕು ಚಕ್ರಗಳೂ ಬೇರೆ ಬೇರೆ ಅಳತೆಯ ವೃತ್ತದಲ್ಲಿ ಓಡುತ್ತವೆ. ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಹೋಗಬೇಕು. 2ಎಚ್‌ನಲ್ಲಿ ಇದರಿಂದ ತೊಂದರೆಯಿಲ್ಲ, ಮುಂದಿನ ಚಕ್ರಗಳು ಸ್ವತಂತ್ರ. 4ಎಚ್ ಹಾಕಿದ ತಕ್ಷಣ ಟ್ರಾನ್ಸ್‌ಫರ್ ಕೇಸ್, ಅಂದರೆ ಮುಂದಕ್ಕೂ ಹಿಂದಕ್ಕೂ ಬಲ ಹಂಚುವ ಗೇರ್ ಪೆಟ್ಟಿಗೆ, ಮುಂದಿನ ಶಾಫ್ಟನ್ನೂ ಹಿಂದಿನ ಶಾಫ್ಟನ್ನೂ ಒಟ್ಟಿಗೆ ಕಟ್ಟಿಹಾಕುತ್ತದೆ. ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಹಾಗಾದರೆ ದೂರದಲ್ಲಿನ ಆ ವ್ಯತ್ಯಾಸ ಎಲ್ಲಿ ಹೋಗಬೇಕು? ಮಣ್ಣಿನ ಮೇಲಾದರೆ ಟೈರ್ ಒಂಚೂರು ಜಾರಿ ಅದನ್ನು ಸರಿದೂಗಿಸುತ್ತದೆ. ಒಣ ಡಾಂಬರು ಜಾರಲು ಬಿಡುವುದಿಲ್ಲ. ಆಗ ಒದ್ದೆ ಬಟ್ಟೆ ಹಿಂಡಿದ ಹಾಗೆ ಶಾಫ್ಟ್, ಗೇರ್, ಜಾಯಿಂಟ್‌ಗಳ ಮೇಲೆ ತಿರುಚು ಒತ್ತಡ ಕೂಡುತ್ತಾ ಹೋಗುತ್ತದೆ. ಸ್ಟೇರಿಂಗ್ ಭಾರವಾಗುತ್ತದೆ. ಗಾಡಿ ತಿರುಗಿಸುವಾಗ ಯಾರೋ ಬ್ರೇಕ್ ಹಿಡಿದಂತೆ ಜಗ್ಗುತ್ತದೆ, ಟೈರ್ ಕಿರುಗುಡುತ್ತದೆ. ಕೊನೆಗೆ 2ಎಚ್‌ಗೆ ವಾಪಸ್ ಬರಲು ಹೋದರೆ ಲಿವರ್ ಅಲುಗುವುದೇ ಇಲ್ಲ. ಆಗ ದಯವಿಟ್ಟು ಬಲವಂತ ಮಾಡಬೇಡಿ. ನೇರವಾಗಿ ಸ್ವಲ್ಪ ದೂರ ರಿವರ್ಸ್ ತೆಗೆದುಕೊಳ್ಳಿ, ಇಲ್ಲವೇ ಪಕ್ಕದ ಮಣ್ಣಿಗೆ ಇಳಿಸಿ. ಒತ್ತಡ ಬಿಟ್ಟುಕೊಂಡರೆ ಲಿವರ್ ತಾನಾಗೇ ಸಲೀಸಾಗಿ ಬರುತ್ತದೆ.

ಆದ್ದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ನೆಲದಲ್ಲಿ ಟೈರ್ ಸ್ವಲ್ಪ ಜಾರಬಲ್ಲದಾ? ಹೌದಾದರೆ ಹಾಕಿ, ಇಲ್ಲದಿದ್ದರೆ ಬೇಡ.

ಒದ್ದೆ ಡಾಂಬರಿನ ವಿಷಯದಲ್ಲಿ ವಾದ ಬರುತ್ತದೆ, ಗೊತ್ತು. ಅದು ಒಣ ರಸ್ತೆಗಿಂತ ಜಾರುತ್ತದೆ, ನಿಜ. ಆದರೆ ಮಣ್ಣಿನಷ್ಟು ಸಡಿಲ ಅಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಕಟ್ಟಿಹಾಕಿಸಿಕೊಂಡು ಹೊರಗಡೆಗೆ ದೂಡಿಕೊಂಡು ಹೋಗುವ ಸಾಧ್ಯತೆ ಇರುತ್ತದೆ. ಅದಕ್ಕಿಂತ ಮುಖ್ಯ, ಬ್ರೇಕ್. ಎಲ್ಲ ಕಾರುಗಳೂ ನಾಲ್ಕು ಚಕ್ರಕ್ಕೂ ಬ್ರೇಕ್ ಹಾಕುತ್ತವೆ. ಫೋರ್ ವೀಲ್ ಡ್ರೈವ್ ಇದ್ದ ಮಾತ್ರಕ್ಕೆ ಗಾಡಿ ಒಂದು ಅಡಿಯೂ ಬೇಗ ನಿಲ್ಲುವುದಿಲ್ಲ. ಗಾಡಿ ಚೆನ್ನಾಗಿ ಎಳೆಯುವುದರಿಂದ ರಸ್ತೆ ಎಷ್ಟು ಜಾರುತ್ತಿದೆ ಅನ್ನುವುದೇ ಓಡಿಸುವವನಿಗೆ ತಿಳಿಯುವುದಿಲ್ಲ. ಹಿಮದ ಮೇಲೂ ಹೀಗೇ. ಅಲ್ಲಿ 4ಎಚ್ ಬೇಕೇ ಬೇಕು, ಆದರೆ ಅದು ಹೊರಡಲು ಸಹಾಯ, ನಿಲ್ಲಲು ಅಲ್ಲ.

ಫುಲ್ ಟೈಮ್, ಅಂದರೆ ಸದಾ ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗಾಡಿಗಳ ಲೆಕ್ಕ ಬೇರೆ. 1970ರಲ್ಲಿ ಬಂದ ರೇಂಜ್ ರೋವರ್, 1980ರ ಆಡಿ ಕ್ವಾಟ್ರೋ, ಇವುಗಳಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆಯೇ ಒಂದು ಡಿಫರೆನ್ಷಿಯಲ್ ಇತ್ತು. ವೇಗದ ವ್ಯತ್ಯಾಸವನ್ನು ಅದು ನುಂಗಿಕೊಳ್ಳುತ್ತದೆ, ಹಾಗಾಗಿ ಡಾಂಬರಿನ ಮೇಲೂ ಚಿಂತೆಯಿಲ್ಲ. ಆದರೆ ಆ ಡಿಫರೆನ್ಷಿಯಲ್ ಲಾಕ್ ಮಾಡಿದರೆ ಮತ್ತೆ ಮೇಲಿನ ನಿಯಮವೇ. ನಿಮ್ಮ ಗಾಡಿಯಲ್ಲಿ ಯಾವುದಿದೆ ಅಂತ ಮ್ಯಾನುಯಲ್‌ನಲ್ಲಿ ನೋಡಿ, ಶೋರೂಂನಲ್ಲಿ ಹೇಳಿದ್ದನ್ನಷ್ಟೇ ನಂಬಬೇಡಿ.

ಜಲ್ಲಿ ರಸ್ತೆ, ಸಡಿಲ ಮಣ್ಣು: 4ಎಚ್, ಅಷ್ಟೇ.

ಮರಳು ಹಾಗಲ್ಲ. ಅಲ್ಲಿ ಲಿವರ್‌ಗಿಂತ ಟೈರಿನ ಗಾಳಿ ದೊಡ್ಡದು. ಮಾಮೂಲಿ 32 ಪಿಎಸ್ಐ ಸುಮಾರು ಇದ್ದರೆ 18-20ಕ್ಕೆ ಇಳಿಸಿ. ಟೈರ್ ಉದ್ದಕ್ಕೆ ಚಪ್ಪಟೆಯಾಗಿ ಮರಳಿನ ಮೇಲೆ ತೇಲಿದಂತೆ ಹೋಗುತ್ತದೆ. ತೀರಾ ಕಡಿಮೆ ಮಾಡಿ ಜೋರಾಗಿ ತಿರುಗಿಸಿದರೆ ಟೈರ್ ರಿಮ್‌ನಿಂದಲೇ ಕಳಚಿಕೊಳ್ಳಬಹುದು. ಓಟ ಕಡಿದುಕೊಳ್ಳಬೇಡಿ, ಬ್ರೇಕ್ ಒತ್ತಬೇಡಿ. ಆಕ್ಸಿಲರೇಟರ್ ಬಿಟ್ಟರೆ ಮರಳೇ ನಿಲ್ಲಿಸುತ್ತದೆ. ಚಕ್ರ ಜಾರಿದಾಗ ಬಲ ತಗ್ಗಿಸುವ ಟ್ರಾಕ್ಷನ್ ಕಂಟ್ರೋಲ್ ಆಫ್ ಮಾಡಿ, ಶಕ್ತಿ ಬೇಕಾದ ಹೊತ್ತಿಗೇ ಅದು ಎಂಜಿನ್ ಕತ್ತು ಹಿಸುಕುತ್ತದೆ. ಹೂತುಕೊಂಡಿತು ಅನ್ನಿಸಿದ ಕ್ಷಣ ಕಾಲು ತೆಗೆಯಿರಿ. ಸುಮ್ನೆ ಚಕ್ರ ತಿರುಗಿಸುತ್ತಾ ಹೋದರೆ ಚಾಸಿಯೇ ಮರಳಿನ ಮೇಲೆ ಕೂರುತ್ತದೆ. ಇಳಿದು ಚಕ್ರದ ಹತ್ತಿರದ ಮರಳು ತೆಗೆದು, ಬಂದ ಜಾಡಿನಲ್ಲೇ ಹಿಂದೆ ಬನ್ನಿ. ಅಲ್ಲಿ ಮರಳು ಆಗಲೇ ಅದುಮಿಕೊಂಡಿರುತ್ತದೆ. ಇನ್ನು, ಡಾಂಬರಿಗೆ ಬಂದ ಮೇಲೆ ಗಾಳಿ ತುಂಬದೆ ವೇಗವಾಗಿ ಓಡಿಸಿದರೆ ಟೈರ್ ಕಾದು ಒಡೆಯಬಹುದು. ಗಾಳಿ ತುಂಬುವ ಪಂಪ್ ಇಲ್ಲದೆ ಮರಳಿಗೆ ಇಳಿಯುವುದನ್ನು ನಾನು ಒಪ್ಪುವುದಿಲ್ಲ.

ಕೆಸರಿನಲ್ಲಿ ಮೋಸ ಮಾಡುವುದು ಗಾಲಿಜಾಡು. ಆಳದ ಜಾಡಿನಲ್ಲಿ ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೇರವಾಗಿಯೇ ಹೋಗುತ್ತಿರುತ್ತದೆ. ಜಾಡು ಮುಗಿದ ಕಡೆ ಚಕ್ರ ಒಮ್ಮೆಲೇ ಕಚ್ಚಿಕೊಂಡು ಗಾಡಿ ಪಕ್ಕಕ್ಕೆ ಹಾರುತ್ತದೆ. ಆಗಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ಮುಂದಿನ ಚಕ್ರ ಎತ್ತ ಮುಖ ಮಾಡಿದೆ ನೋಡಿಕೊಳ್ಳಿ. ಹಿಡಿತ ತಪ್ಪುತ್ತಿದೆ ಅನ್ನಿಸಿದರೆ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ಆಡಿಸಿ, ಟೈರಿನ ಅಂಚು ಹೊಸ ಮಣ್ಣು ಹಿಡಿಯುತ್ತದೆ.

4ಎಲ್ ಬಗ್ಗೆ ನನ್ನದೊಂದು ತಕರಾರಿದೆ. ಎಲ್ಲರೂ ಅದನ್ನು ಕೊನೆಯ ಅಸ್ತ್ರ ಅಂದುಕೊಂಡಿದ್ದಾರೆ. ಕಡಿದಾದ ಏರಿನಲ್ಲಿ 4ಎಚ್‌ನಲ್ಲೇ ಒದ್ದಾಡಿ, ಕ್ಲಚ್ ಸುಟ್ಟ ವಾಸನೆ ಬಂದ ಮೇಲೆ ಅದರ ನೆನಪಾಗುತ್ತದೆ. ಅದು ಮೊದಲೇ ಹಾಕಬೇಕಾದ್ದು. ಹಲವು ಗಾಡಿಗಳಲ್ಲಿ 4ಎಲ್ ಚಕ್ರಕ್ಕೆ ಸುಮಾರು ಎರಡೂವರೆ ಪಟ್ಟು ತಿರುಗುಬಲ ಕೊಡುತ್ತದೆ, ವೇಗ ಅಷ್ಟೇ ಕಡಿಮೆಯಾಗುತ್ತದೆ. ಬಂಡೆ ದಾಟುವಾಗ ಬೇಕಾಗಿರುವುದೇ ಆ ನಿಧಾನ. ಕಲ್ಲನ್ನು ಎರಡು ಚಕ್ರಗಳ ನಡುವೆ ಬಿಟ್ಟುಕೊಂಡು ಹೋಗಲು ನೋಡಬೇಡಿ, ಆಕ್ಸಲ್ ನಡುವೆ ಕೆಳಗೆ ಜೋತಿರುವ ಡಿಫರೆನ್ಷಿಯಲ್ ಹೊಡೆಸಿಕೊಳ್ಳುತ್ತೀರಿ. ಟೈರನ್ನು ಕಲ್ಲಿನ ಮೇಲೇ ಹತ್ತಿಸಿ. ಇಳಿಜಾರಿನಲ್ಲಿ 4ಎಲ್, ಮೊದಲ ಗೇರ್, ಕ್ಲಚ್ ಮುಟ್ಟದೆ ಇಳಿಯಿರಿ, ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಏರು ಅರ್ಧಕ್ಕೆ ಸೋತರೆ ಗಾಡಿ ತಿರುಗಿಸಲು ಹೋಗಲೇಬೇಡಿ, ಅಡ್ಡಕ್ಕೆ ಬಂದರೆ ಉರುಳುತ್ತದೆ. ರಿವರ್ಸ್ ಗೇರಿನಲ್ಲೇ ನೇರವಾಗಿ ಹಿಂದಕ್ಕೆ ಇಳಿಸಿ.

ಇಷ್ಟೆಲ್ಲ ಇದ್ದೂ ಹಳ್ಳದ ನೆಲದಲ್ಲಿ ಮುಂದಿನ ಒಂದು ಚಕ್ರ, ಅದರ ಕರ್ಣದ ಹಿಂದಿನ ಒಂದು ಚಕ್ರ ಗಾಳಿಗೆ ಎದ್ದರೆ, ಲಾಕರ್ (ಎಡಬಲ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಬೀಗ) ಇಲ್ಲದ ಗಾಡಿ ನಿಂತಲ್ಲೇ ನಿಲ್ಲಬಹುದು. ಮಾಮೂಲಿ ಡಿಫರೆನ್ಷಿಯಲ್‌ನಲ್ಲಿ ಎದ್ದ ಚಕ್ರ ಸುಮ್ಮನೆ ತಿರುಗುತ್ತದೆ, ನೆಲದ ಮೇಲಿರುವುದಕ್ಕೆ ಬಲ ಸಿಗುವುದಿಲ್ಲ. ದಾರಿಯನ್ನು ಮೊದಲೇ ಇಳಿದು ನೋಡಬೇಕಾದ್ದು ಇದಕ್ಕೇ.

ಲಿವರ್ ವರ್ಷಗಟ್ಟಲೆ ಮುಟ್ಟದೇ ಬಿಡುವವರೂ ಇದ್ದಾರಲ್ವಾ, ಅವರಿಗೊಂದು ಮಾತು. ತಿಂಗಳಿಗೊಮ್ಮೆ ಮಣ್ಣಿನ ರಸ್ತೆಯಲ್ಲಿ ನೇರವಾಗಿ ಕೆಲವು ಕಿಲೋಮೀಟರ್ 4ಎಚ್‌ನಲ್ಲಿ ಓಡಿಸಿ, ಒಳಗೆಲ್ಲ ಎಣ್ಣೆ ಆಡಲಿ. ನಾಲ್ಕೂ ಟೈರ್ ಒಂದೇ ಅಳತೆಯವು, ಹೆಚ್ಚುಕಮ್ಮಿ ಒಂದೇ ಸವೆತದವು ಇರಲಿ. ಮುಂದೆ ಹೊಸದು, ಹಿಂದೆ ಸವೆದದ್ದು ಹಾಕಿದರೆ 4ಎಚ್‌ನಲ್ಲಿ ನೇರ ರಸ್ತೆಯಲ್ಲೂ ಅದೇ ತಿರುಚು ಒತ್ತಡ ಶುರುವಾಗುತ್ತದೆ.